ಪದದ ಕಡೀ ನುಡಿ

ಜಾತ್ರೆಯಲ್ಲಿ ಬೆಂಡು-ಬತ್ತಾಸು ಮಾರುವವನಿಗೆ ತಕ್ಕಡಿ ಇದೆ. ಬಳೆಗಾರನಿಗೆ ಡಜನ್ ಲೆಕ್ಕ ಇದೆ. ಕಂಬಳಿ ಮಾರುವವನು ‘ಮುಟ್ಟಿ ನೋಡ್ರಿ’ ಅಂತಾನೆ. ಆದರೆ ಪದ ಹಾಡುವವನು ಮಾರುವುದು ಏನು? ಅದನ್ನ ಅಳೆಯುವುದು ಹ್ಯಾಂಗ? ನಲವತ್ತು ವರ್ಷ ಹಿಂಗಾರಿ ಬಿತ್ತಿಗೆ ಮುಗಿಸಿ, ದಪ್ಪು ಹೆಗಲಿಗೆ ಹಾಕಿಕೊಂಡು ಜಾತ್ರೆ ತಿರುಗಿದವ ನಾನು. ಓದಿದ್ದು ಏಳನೇ ಇಯತ್ತೆ. ಶಾಲೆಯ ಗುರುಗಳು ನನ್ನ ಕಾಗುಣಿತ ನೋಡದೆ ಮಾತಿನ ಹುರುಳು ನೋಡಬೇಕು.

ನಮ್ಮ ಜತ್ತ, ಮಂಗಳವೇಢೆ, ಅಕ್ಕಲಕೋಟ ಸೀಮೆಯಲ್ಲಿ ದೀಪಾವಳಿಯಿಂದ ಜಾತ್ರೆ ಸುರು. ಹುಲಜಂತಿ ಮಾಳಿಂಗರಾಯನದು ದೀಪಾವಳಿಗೆ, ಗುಡ್ಡಾಪುರ ದಾನಮ್ಮನದು ಛಟ್ಟಿ ಅಮಾವಾಸ್ಯೆಗೆ, ಜತ್ತದ ಯಲ್ಲಮ್ಮನದು ಡಿಸೆಂಬರದಾಗ, ಸೊಲ್ಲಾಪುರ ಸಿದ್ಧರಾಮನದು ಸಂಕ್ರಾಂತಿಗೆ. ಇವುಗಳ ನಡುವೆ ಊರೂರ ಸಣ್ಣ ಜಾತ್ರೆ. ಸರಕಾರ ಮಹಾರಾಷ್ಟ್ರದ್ದು, ಅಂಗಡಿ ಫಲಕ ಮರಾಠಿ, ರಾತ್ರಿ ಹತ್ತರ ಮೇಲೆ ಗುಡಿಯ ಮುಂದೆ ಕೇಳುವುದು ಕನ್ನಡ ಪದ. ಶಾಲೆ ಇಲ್ಲದ ಊರಲ್ಲೂ ಕನ್ನಡ ಉಳಿದದ್ದರಲ್ಲಿ ಈ ಹಾಡಕಿಯ ಪಾಲು ದೊಡ್ಡದು. ಅದಕ್ಕೇ ಇದರ ಗುಣ-ದೋಷ ನಾವೇ ನೋಡಬೇಕು, ಹೊರಗಿನವರು ಬಂದು ನೋಡುವುದಿಲ್ಲ.

ಹರದೇಶಿ-ನಾಗೇಶಿ ಹಾಡಕಿ ಗೊತ್ತಿಲ್ಲದ ಎಳೆಯರಿಗಾಗಿ ಎರಡು ಮಾತು. ಎರಡು ಮೇಳ ಎದುರು-ಬದರು ನಿಲ್ಲುತ್ತವೆ. ಹರದೇಶಿ ಶಿವನ ಪಕ್ಷ, ಗಂಡು ಹೆಚ್ಚು ಅನ್ನುವವರು. ನಾಗೇಶಿ ಶಕ್ತಿಯ ಪಕ್ಷ, ಹೆಣ್ಣು ಹೆಚ್ಚು ಅನ್ನುವವರು. ಮರಾಠಿಯಲ್ಲಿ ಇದನ್ನೇ ಕಲಗಿ-ತುರಾ ಅಂತಾರ. ದಪ್ಪು, ತುಂತುಣಿ, ತಾಳ, ಹಿಂದೆ ‘ಗೀ ಗೀ’ ಅನ್ನುವ ಇಬ್ಬರು. ಒಬ್ಬರು ಸವಾಲು ಹಾಕಿದರೆ ಇನ್ನೊಬ್ಬರು ಅದೇ ಧಾಟಿಯಲ್ಲಿ ಜವಾಬು ಕೊಡಬೇಕು.

ಒಂದು ಹಳೇ ಸವಾಲಿನ ಸಾರ ಹೇಳುತ್ತೇನೆ. ಹರದೇಶಿ ಅಂತಾನೆ: ಬೀಜ ಇಲ್ಲದಿದ್ದರೆ ಹೊಲ ಬೀಳು. ನಾಗೇಶಿ ಅಂತಾಳೆ: ಹೊಲ ಇಲ್ಲದಿದ್ದರೆ ನಿನ್ನ ಬೀಜ ಗುಬ್ಬಿ ಪಾಲು. ಇವನು ತಿರುಗಿ, ಒಂದೇ ಹೊಲದಲ್ಲಿ ಜೋಳ ಹಾಕಿದರೆ ಜೋಳ, ಕುಸುಬಿ ಹಾಕಿದರೆ ಕುಸುಬಿ, ಹಂಗಾದರೆ ಹೊಲದ ಹೆಚ್ಚುಗಾರಿಕೆ ಏನು ಅಂತ ಕೇಳಬೇಕು. ಅವಳು, ಒಂದೇ ಚೀಲದ ಬೀಜ ಕರೀ ಹೊಲದಾಗ ಆಳೆತ್ತರ, ಮಡ್ಡಿಯಾಗ ಮೊಳಕಾಲುದ್ದ ಯಾಕ ಅನ್ನಬೇಕು. ಕೂತವರೆಲ್ಲ ಬಿತ್ತುವವರೇ. ಸುಳ್ಳು ಹೇಳಿದರೆ ಅಲ್ಲೇ ಸಿಗುತ್ತದೆ. ಬೆಳಗಿನ ಜಾವ ಇಬ್ಬರೂ ಅರ್ಧನಾರೀಶ್ವರನ ಹತ್ತಿರ ಬಂದು ಮಂಗಳಾರತಿ ಹಾಡಿ, ಒಂದೇ ಕಡೆ ಕೂತು ಚಹಾ ಕುಡಿಯುತ್ತಾರೆ.

ಆದ್ದರಿಂದ ನನ್ನ ಮೊದಲ ಮಾತು ಇದು: ಜಾತ್ರೆಯಲ್ಲಿ ಹಾಡುವವ ಮಾರುವುದು ದನಿ ಅಲ್ಲ, ಜವಾಬು. ದನಿ ಚಲೋ ಇದ್ದು ಜವಾಬು ಇಲ್ಲದವನಿಗೆ ಮುಂದಿನ ವರ್ಷ ವೀಳ್ಯ ಬರುತ್ತಿರಲಿಲ್ಲ. ದನಿ ಒಡಕಿದ್ದು ಜವಾಬು ಗಟ್ಟಿ ಇದ್ದವನನ್ನ ಬಂಡಿ ಕಟ್ಟಿ ಕರೆಸುತ್ತಿದ್ದರು. ಅಳೆಯುವ ತಕ್ಕಡಿ ಎದುರಿನ ಮೇಳ, ತೂಕ ನೋಡುವವರು ಕೂತ ಮಂದಿ.

ಇನ್ನು ಪದ ಕೈಯಿಂದ ಕೈಗೆ ಹ್ಯಾಂಗ ಮಾರಾಟ ಆಯಿತು ನೋಡೋಣ. ನಾನು ಹಾಡಕಿಗೆ ನಿಂತ ಕಾಲಕ್ಕೆ ಸಣ್ಣ ಪುಸ್ತಕ ಇದ್ದವು. ತೆಳು ಕಾಗದ, ತಪ್ಪು ಅಚ್ಚು. ಕವಿಯೇ ಮುದ್ರಣದ ಖರ್ಚು ಹಾಕಿ, ಹಾಡಕಿ ನಡುವೆ ಚೀಲದಿಂದ ತೆಗೆದು ಮಾರುತ್ತಿದ್ದ. ಉಳಿದದ್ದನ್ನ ಮುಂದಿನ ಜಾತ್ರೆಗೆ ಹೊರಬೇಕು. ಮಳೆ ಬಂದರೆ ಬಂಡವಾಳ ನೀರು. ಆದರೂ ಅದರಲ್ಲಿ ಒಂದು ದೊಡ್ಡ ಗುಣ: ಪೂರಾ ಪದ ಇರುತ್ತಿತ್ತು, ಸವಾಲೂ ಜವಾಬೂ ಕೂಡಿ. ಓದಲು ಬರುವ ಒಬ್ಬ ಓದಿದರೆ ಹತ್ತು ಮಂದಿಗೆ ಬಾಯಿಪಾಠ.

ಆಮೇಲೆ ಕ್ಯಾಸೆಟ್ ಬಂತು. 60 ನಿಮಿಷದ ಕ್ಯಾಸೆಟ್ ಅಂದರೆ ಒಂದು ಮಗ್ಗಲಿಗೆ 30 ನಿಮಿಷ. ರಾತ್ರಿಯೆಲ್ಲ ನಡೆಯುವ ವಾದವನ್ನ ಅಷ್ಟರಲ್ಲಿ ತುಂಬಬೇಕು. ಸ್ತುತಿ ಸಣ್ಣದಾಯಿತು, ಪುರಾಣದ ಕಥೆ ಬಿತ್ತು, ಚುಚ್ಚುಮಾತು ಉಳಿಯಿತು. ಆದರೆ ಕ್ಯಾಸೆಟ್ಟಿನ ಉಪಕಾರ ಮರೆಯಬಾರದು. ರಾತ್ರಿ ಜಾತ್ರೆಗೆ ಬರಲಾಗದ ಹೆಣ್ಣುಮಕ್ಕಳು ಮನೆಯಲ್ಲಿ ಕೂತು ನಾಗೇಶಿ ಹಾಡುವ ಹೆಣ್ಣಿನ ಜವಾಬು ಕೇಳಿದರು. ಹಾಡುವ ಹೆಣ್ಣಿನ ಬಗ್ಗೆ ಹಗುರ ಮಾತಾಡುತ್ತಿದ್ದ ಮನೆಗಳಲ್ಲೇ ಅವಳ ದನಿ ಕೇಳಿತು. ಎರಡೂ ಮೇಳ ಅದರಲ್ಲಿ ಇನ್ನೂ ಇದ್ದವು.

ಈಗ ಮೊಬೈಲು. ಮೂರು ನಿಮಿಷದ ತುಂಡು. ಸವಾಲು ಒಬ್ಬರ ಫೋನಿನಲ್ಲಿ, ಜವಾಬು ಇನ್ನೆಲ್ಲೋ. ಎದುರಾಳಿಯೇ ಇಲ್ಲದ ಕುಸ್ತಿ ಇದು, ತೊಡೆ ತಟ್ಟಿದವನೇ ಗೆದ್ದ. ಜವಾಬಿನ ಭಯ ಹೋದ ಮೇಲೆ ಹರದೇಶಿಯವ ಹೆಣ್ಣನ್ನು ಬೈಯುವುದನ್ನೇ ಪದ ಅಂತಾನೆ, ನಾಗೇಶಿಯವಳು ಗಂಡನ್ನು ಬೈಯುತ್ತಾಳೆ. ಬೀಜ-ಹೊಲದ ವಾದ ಎರಡು ಅರ್ಥದ ಮಾತಾಗಿದೆ. ಮಂದಿಗೆ ಬೇಕು, ಅದಕ್ಕ ಹಾಡ್ತೀವಿ ಅಂತಾರ. ಮಂದಿ ಎರಡೂ ಕೇಳಿ ಆರಿಸಿದ್ದರೆ ಈ ಮಾತು ಒಪ್ಪಬಹುದಿತ್ತು. ಒಂದೇ ಕೇಳಿಸಿ ಬೇಡಿಕೆ ಅದೇ ಅನ್ನುವುದು, ಜೋಳ ಬಿತ್ತದೇ ಜೋಳ ಯಾರೂ ಉಣ್ಣುವುದಿಲ್ಲ ಅಂದಂಗ.

ಎಲ್ಲಕ್ಕಿಂತ ದೊಡ್ಡ ನಷ್ಟ ಕಡೀ ನುಡಿಯದು. ಪದದ ಕೊನೆಯ ನುಡಿಯಲ್ಲಿ ಕವಿ ತನ್ನ ಊರು, ದೇವರು, ವಸ್ತಾದ, ಕಡೆಗೆ ತನ್ನ ಹೆಸರು ಹೇಳುತ್ತಾನೆ. ಇದೇ ಅಂಕಿತ. ಸೊಲ್ಲಾಪುರದ ಸಿದ್ಧರಾಮ 12ನೇ ಶತಮಾನದಲ್ಲಿ ‘ಕಪಿಲಸಿದ್ಧಮಲ್ಲಿಕಾರ್ಜುನ’ ಅಂತ ವಚನಕ್ಕೆ ಅಂಕಿತ ಇಟ್ಟ. ಕಡಕೋಳ ಮಡಿವಾಳಪ್ಪನ ತತ್ವಪದ ‘ಮಹಾಂತ’ ಅಂದೊಡನೆ ಗುರುತು ಸಿಗುತ್ತದೆ, ಶರೀಫಜ್ಜನದು ‘ಶಿಶುನಾಳಧೀಶ’ ಅಂದೊಡನೆ. ಇವರು ದೇವರ ಹೆಸರಿಟ್ಟರು, ನಮ್ಮ ಹಾಡಕಿಯವರು ಅದರ ಜೋಡಿ ಊರನ್ನೂ ಸೇರಿಸಿದರು. ಬಡವನ ಹತ್ತಿರ ರಿಜಿಸ್ಟರ ಇಲ್ಲ, ಅವನ ಏಳು-ಹನ್ನೆರಡು ಉತಾರ ಅಂದರೆ ಈ ಕಡೀ ನುಡಿ. ಅದನ್ನ ಕತ್ತರಿಸಿ ಹಾಕಿದರೆ ಪದ ಯಾರದು?

ನಾನು ಕಟ್ಟಿದ ಒಂದು ಪದ ಫೋನಿನಲ್ಲಿ ತಿರುಗುತ್ತಿದೆ. ಕಡೀ ನುಡಿ ಇಲ್ಲ, ಮುಂದೆ ಬೇರೆಯವರ ಹೆಸರು, ಕೆಳಗೆ ‘ಜಾನಪದ’ ಅಂತ ಒಂದೇ ಶಬ್ದ. ನನ್ನ ಮೊಮ್ಮಗಳೇ ತೋರಿಸಿದಳು. ರೊಕ್ಕದ ಮಾತು ಬಿಡ್ರಿ. ಆ ನುಡಿಯಲ್ಲಿ ನನ್ನ ವಸ್ತಾದನ ಹೆಸರಿತ್ತು. ಅವನ ಫೋಟೋ ಇಲ್ಲ, ಸಮಾಧಿ ಮೇಲೆ ಕಲ್ಲಿಲ್ಲ. ಇದ್ದದ್ದು ಆ ಒಂದು ಸಾಲು.

ಓದಿದವರು ಕೆಲವರು ‘ಜಾನಪದಕ್ಕೆ ಕರ್ತೃ ಇಲ್ಲ, ಅದು ಎಲ್ಲರದು’ ಅಂತಾರ. ಈ ಮಾತು ಬೀಸುವ ಪದಕ್ಕೆ ಖರೆ. 1931ರಲ್ಲಿ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ತಂದರಲ್ಲ, ಆ ತ್ರಿಪದಿಗಳನ್ನ ಕಟ್ಟಿದ ತಾಯಂದಿರು ಹೆಸರು ಹೇಳಲಿಲ್ಲ. ಅವರು ಮಾರಲಿಕ್ಕೆ ಹಾಡಿದವರಲ್ಲ, ಎದುರಾಳಿಯೂ ಇರಲಿಲ್ಲ. ಆದರೆ ಜಾತ್ರೆಯ ಪದ ಬೇರೆ. ಸೋತರೆ ಮಾನ ಹೋಗುವ ಜಾಗದಲ್ಲಿ ಒಬ್ಬ ನಿಂತು ಕಟ್ಟಿದ್ದು ಅದು. ಮುತ್ತಜ್ಜಿಯ ಹಾಡಿಗೂ ನಿನ್ನೆ ಬರೆದ ಪದಕ್ಕೂ ‘ಜಾನಪದ’ ಅಂತ ಒಂದೇ ಚೀಟಿ ಹಚ್ಚಿದರೆ ಲಾಭ ಕವಿಗೂ ಇಲ್ಲ, ಜನಕ್ಕೂ ಇಲ್ಲ, ನಡುವಿನವನಿಗೆ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಬರೆದವ ಬದುಕಿರುವ ತನಕ, ಆಮೇಲೆ 60 ವರ್ಷ, ಹಕ್ಕು ಅವನದು ಮತ್ತು ಅವನ ವಾರಸುದಾರರದು. ಇದು ನನ್ನದು ಅಂತ ಹೇಳಿಕೊಳ್ಳುವ ಹಕ್ಕೂ ಆ ಕಾಯ್ದೆಯಲ್ಲಿ ಇದೆ. ನಮ್ಮವರು ಕೋರ್ಟಿಗೆ ಹೋಗುವವರಲ್ಲ. ಆದರೆ ಹಾಡುವ ಹುಡುಗರಿಗೆ ಇಷ್ಟು ತಿಳಿದಿರಲಿ.

ಹಂಗಂತ ಮೊಬೈಲು ಬಿಡ್ರಿ ಅಂತ ನಾನು ಅನ್ನುವುದಿಲ್ಲ. ಹಳೇ ಪದ ಹುಡುಕಲು ನಾನೂ ಅದನ್ನೇ ಒತ್ತುತ್ತೇನೆ. ಪೂರಾ ಪದ ಹಾಕಿ, ಸವಾಲಿನ ಬೆನ್ನಿಗೆ ಜವಾಬು ಹಾಕಿ, ಕಡೀ ನುಡಿ ಉಳಿಸಿದರೆ ಅದು ಪುಸ್ತಕಕ್ಕಿಂತ ದೂರ ಹೋಗುತ್ತದೆ.

ಜಾತ್ರೆ ಕಮಿಟಿಯವರಿಗೆ ಒಂದು ಮಾತು. ಹತ್ತು ರೂಪಾಯಿ ಬಕ್ಷೀಸು ಬಂದಾಗೊಮ್ಮೆ ಮೈಕು ಕಸಿದು ಕೊಟ್ಟವನ ಹೆಸರು ಕೂಗುತ್ತೀರಿ, ಪದದ ಎಳೆ ಅಲ್ಲೇ ಹರಿಯುತ್ತದೆ. ಹೆಸರು ಬರೆದಿಟ್ಟು ಪದ ಮುಗಿದ ಮೇಲೆ ಓದಿರಿ. ಕೊಟ್ಟವನ ಹೆಸರು ಹತ್ತು ಸಲ ಕೂಗಿ, ಕಟ್ಟಿದವನ ಹೆಸರು ಒಂದು ಸಲವೂ ಬರದಂಗ ಮಾಡುವುದು ಯಾವ ನ್ಯಾಯ?

ಗುರುಗಳಿಗೆ ಇನ್ನೊಂದು. ನಮ್ಮ ಹುಡುಗರು ಮರಾಠಿ ಶಾಲೆಯಲ್ಲಿ ಕಲಿತು, ಕನ್ನಡ ಪದವನ್ನ ಮರಾಠಿ ಅಕ್ಷರದಲ್ಲಿ ಬರೆದುಕೊಂಡು ಹಾಡುತ್ತಾರೆ. ಹಾಡುತ್ತಾರಲ್ಲ ಅಂತ ಸಂತೋಷ. ಆದರೆ ಹಳೇ ಪುಸ್ತಕ ಅವರಿಗೆ ಓದಲು ಬರುವುದಿಲ್ಲ, ನಮ್ಮ ಮೊಟಕು ಎ, ಒ ಆ ಅಕ್ಷರದಲ್ಲಿ ಸರಿಯಾಗಿ ಕೂಡುವುದಿಲ್ಲ. ರವಿವಾರ ಒಂದು ತಾಸು ಈ ವಾಚನಾಲಯದಲ್ಲಿ ಒಂದೊಂದು ಪದವನ್ನ ಕನ್ನಡದಲ್ಲಿ ಬರೆಸಿರಿ. ಅಕ್ಷರ ಮಾಲೆಗಿಂತ ಬೇಗ ಹತ್ತುತ್ತದೆ, ಧಾಟಿ ಮೊದಲೇ ನಾಲಿಗೆ ಮೇಲೆ ಇರುತ್ತದೆ.

ಊರವರಲ್ಲಿ ಕಡೆಯ ಬೇಡಿಕೆ. ಯಾರ ಮನೆಯ ಮಾಡದಲ್ಲಿ, ಟ್ರಂಕಿನಲ್ಲಿ ಹಳೇ ಪದದ ಪುಸ್ತಕ, ಕೈಬರಹದ ವಹಿ, ಕ್ಯಾಸೆಟ್ ಇದ್ದರೂ ರದ್ದಿಗೆ ಹಾಕದೆ ವಾಚನಾಲಯಕ್ಕೆ ತಂದು ಕೊಡಿರಿ. ಹರಿದಿದ್ದರೂ ಚಿಂತೆ ಇಲ್ಲ. ಕಡೀ ಹಾಳೆ ಮಾತ್ರ ಇದೆಯೋ ನೋಡಿ ತರ್ರಿ.