ಎಚ್ಚರದ ಕಾವಲು: ಆರಿಸುವವರೊಬ್ಬರು, ತೆರುವವರೊಬ್ಬರು

2017ರ ಜೂನ್ 14ರಂದು ಲಂಡನ್ನಿನ 24 ಅಂತಸ್ತಿನ ಗ್ರೆನ್‌ಫೆಲ್ ಟವರ್ ಹೊತ್ತಿ ಉರಿದು 72 ಮಂದಿ ಸತ್ತದ್ದು ನಿಮಗೆ ನೆನಪಿರಬಹುದು. ನಾಲ್ಕನೆಯ ಅಂತಸ್ತಿನ ಅಡುಗೆಮನೆಯ ಬೆಂಕಿ ಹೊರಗೋಡೆಯ ಹೊದಿಕೆಗೆ ತಗುಲಿದ ಮೇಲೆ ತುದಿ ಮುಟ್ಟಲು ಸುಮಾರು 20 ನಿಮಿಷ ಸಾಕಾಯಿತು. ಹೊದಿಕೆಯ ಫಲಕವೆಂದರೆ ಎರಡು ತೆಳು ಅಲ್ಯೂಮಿನಿಯಮ್ ಹಾಳೆ, ನಡುವೆ 3 ಮಿಲಿಮೀಟರ್ ಪಾಲಿಎಥಿಲೀನ್. ಲೆಕ್ಕ ಹಾಕಿ: ಚದರ ಮೀಟರಿಗೆ ಸುಮಾರು 2.8 ಕಿಲೋಗ್ರಾಂ ಪ್ಲಾಸ್ಟಿಕ್, ಉರಿದರೆ ಸುಮಾರು 120 ಮೆಗಾಜೂಲ್ ಉಷ್ಣ. ಅಂದರೆ ಪ್ರತಿ ಚದರ ಮೀಟರ್ ಗೋಡೆಗೆ ಮೂರೂವರೆ ಲೀಟರ್ ಪೆಟ್ರೋಲ್ ಬಳಿದಂತೆ!

ಇಂಥ ಫಲಕಗಳು ಇನ್ನೂ ನೂರಾರು ಕಟ್ಟಡಗಳಲ್ಲಿ ಪತ್ತೆಯಾದವು. ಅವನ್ನು ಕಿತ್ತುಹಾಕಲು ವರ್ಷಗಳು ಬೇಕು. ಅಲ್ಲಿಯವರೆಗೆ 'ವೇಕಿಂಗ್ ವಾಚ್' ಎಂಬ ತಾತ್ಕಾಲಿಕ ಏರ್ಪಾಡು: ಕಾವಲುಗಾರರು ಹಗಲಿರುಳೂ ಅಂತಸ್ತುಗಳನ್ನು ಸುತ್ತಿ, ಬೆಂಕಿ ಕಂಡರೆ ಎಲ್ಲರನ್ನೂ ಎಬ್ಬಿಸಬೇಕು. 2020ರಲ್ಲಿ ಬ್ರಿಟಿಷ್ ಸರ್ಕಾರವೇ ಪ್ರಕಟಿಸಿದಂತೆ ಇದರ ವೆಚ್ಚ ಇಂಗ್ಲೆಂಡಿನಲ್ಲಿ ಮನೆಯೊಂದಕ್ಕೆ ತಿಂಗಳಿಗೆ ಸರಾಸರಿ 331 ಪೌಂಡ್.

ಈ ಹಣಕ್ಕೆ ಸಿಕ್ಕಿದ್ದೇನು? ಅಗ್ನಿ ಎಂಜಿನಿಯರರ ಸೂತ್ರದಲ್ಲಿ ಬೆಂಕಿಯ ಉಷ್ಣ ಹೊಮ್ಮುವ ದರ ಕಾಲದ ವರ್ಗಕ್ಕೆ ಅನುಪಾತದಲ್ಲಿ ಬೆಳೆಯುತ್ತದೆ. 'ವೇಗದ' ಬೆಂಕಿ 150 ಸೆಕೆಂಡಿನಲ್ಲಿ ಸುಮಾರು 1 ಮೆಗಾವಾಟ್ ಮುಟ್ಟಿದರೆ, 300 ಸೆಕೆಂಡಿನಲ್ಲಿ 4. ಕಾವಲುಗಾರ ಒಂದೇ ಜಾಗಕ್ಕೆ 20 ನಿಮಿಷಕ್ಕೊಮ್ಮೆ ಬರುತ್ತಾನೆಂದುಕೊಳ್ಳಿ. ಬೆಂಕಿ ಅವನಿಗಾಗಿ ಸರಾಸರಿ 10 ನಿಮಿಷ ಕಾಯಬೇಕು. ಕಾಯುತ್ತದೆಯೇ? ಮನೆಮನೆಯಲ್ಲಿ ಕೂರಿಸಿದ ಸಂವೇದಕ ಸುತ್ತು ಹೊಡೆಯಬೇಕಾಗಿಲ್ಲ, ಸಂಬಳವನ್ನೂ ಕೇಳುವುದಿಲ್ಲ.

ಆದರೂ ಕಾವಲೇ ಏಕೆ ವರ್ಷಗಟ್ಟಲೆ ಮುಂದುವರಿಯಿತು? ಇಂಗ್ಲೆಂಡಿನಲ್ಲಿ ಫ್ಲಾಟು ಕೊಂಡವರು ಸಾಮಾನ್ಯವಾಗಿ ದೀರ್ಘಾವಧಿಯ ಗುತ್ತಿಗೆದಾರರು, ಕಟ್ಟಡ ಬೇರೆಯವರದು. ಏರ್ಪಾಡನ್ನು ಆರಿಸುವವರು ಮಾಲೀಕರು ಅಥವಾ ಅವರ ನಿರ್ವಾಹಕರು; ಖರ್ಚು ಸೇವಾಶುಲ್ಕವಾಗಿ ಗುತ್ತಿಗೆದಾರರ ತಲೆಗೆ. ಇಸ್ತ್ರಿಪೆಟ್ಟಿಗೆಯ ಥರ್ಮೋಸ್ಟಾಟನ್ನು ಪಕ್ಕದ ಮನೆಯಲ್ಲಿಟ್ಟಂತೆ: ಇಲ್ಲಿ ಬಟ್ಟೆ ಸುಟ್ಟರೂ ಅಲ್ಲಿ ಬಿಸಿ ತಟ್ಟದು. ನನ್ನ ಮುಖ್ಯ ಆಕ್ಷೇಪವೇ ಇದು. ಹಣ ಯಾರದೆಂಬ ಪ್ರಶ್ನೆ ಬರೀ ನ್ಯಾಯದ್ದಲ್ಲ, ಯಾವ ಉಪಕರಣ ಆಯ್ಕೆಯಾಗುತ್ತದೆಂಬುದನ್ನೂ ಅದೇ ತೀರ್ಮಾನಿಸುತ್ತದೆ.

ಅಲಾರಂ ಅಳವಡಿಸಲು ಸರ್ಕಾರ 3 ಕೋಟಿ ಪೌಂಡಿನ ನಿಧಿ ಘೋಷಿಸಿದ್ದು 2020ರ ಡಿಸೆಂಬರಿನಲ್ಲಿ, ದುರಂತವಾಗಿ ಮೂರೂವರೆ ವರ್ಷದ ಮೇಲೆ. ಸರಿಯಾದ ಹೆಜ್ಜೆಯೇ, ಆದರೆ ಕಾವಲಿಗೆ ಅದಾಗಲೇ ತೆತ್ತ ಹಣ ಅದರಿಂದ ಮರಳಲಿಲ್ಲ. 2022ರ ಕಟ್ಟಡ ಸುರಕ್ಷತಾ ಕಾಯಿದೆ ಅರ್ಹ ಗುತ್ತಿಗೆದಾರರ ಪಾಲಿಗೆ ಮಿತಿ ಹಾಕಿತು: ಸಾಮಾನ್ಯ ಬೆಲೆಯ ಮನೆಗೆ ಲಂಡನ್ನಿನಲ್ಲಿ 15,000 ಪೌಂಡ್, ಉಳಿದೆಡೆ 10,000, ಕಾವಲಿನ ಖರ್ಚೂ ಇದರೊಳಗೇ. 11 ಮೀಟರ್ ಎತ್ತರವೂ ಇಲ್ಲದ, ಐದು ಅಂತಸ್ತೂ ಇಲ್ಲದ ಕಟ್ಟಡಗಳವರಿಗೆ ಮಾತ್ರ ಈ ಮಿತಿಯ ಆಸರೆಯಿಲ್ಲ.