ಐದು ಲಕ್ಷದ ಆಚೆಗಿನ ಬಾಕಿ

2021ರ ಜನವರಿ 21ರ ರಾತ್ರಿ ಹುಣಸೋಡಿನ ಕಲ್ಲು ಕ್ವಾರಿ ಬಳಿ ಸ್ಫೋಟಕ ಸಿಡಿದಾಗ ಶಿವಮೊಗ್ಗದವರು ಭೂಕಂಪವೆಂದು ಮನೆಯಿಂದ ಹೊರಗೋಡಿದ್ದರು. ಬೆಳಗಾದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ತಪ್ಪು ಯಾರದ್ದು? ಸರ್ಕಾರ ಸತ್ತವರ ಕುಟುಂಬಕ್ಕೆ ತಲಾ 5 ಲಕ್ಷ ಘೋಷಿಸಿತು. ‘ಪರಿಹಾರ ಸಿಕ್ಕಿತಲ್ಲ’ ಎಂದು ಊರು ಸುಮ್ಮನಾಯಿತು.

ನನ್ನ ತಕರಾರು ಈ ‘ಪರಿಹಾರ’ದ ಮೇಲೆಯೇ. ಸರ್ಕಾರ ಮರುಕದಿಂದ ಕೊಡುವುದಕ್ಕೂ ಕೆಲಸ ಮಾಡಿಸಿಕೊಂಡವನು ಕಾನೂನಿನಂತೆ ತೆರಬೇಕಾದದ್ದಕ್ಕೂ ನಾವು ಒಂದೇ ಹೆಸರಿಟ್ಟಿದ್ದೇವೆ. ಮೊದಲನೆಯದು ಕೈಗೆ ಬಂದರೆ ಎರಡನೆಯದು ಮರೆತೇ ಹೋಗುತ್ತದೆ.

ಯಾರನ್ನು ಜೈಲಿಗೆ ಕಳಿಸಬೇಕೆಂದು ತಿಳಿಯಲು ತಪ್ಪು ಯಾರದ್ದೆಂದು ಕೇಳಬೇಕು, ಸರಿ. ವಿಧವೆಯ ಅನ್ನದ ವಿಷಯದಲ್ಲಿ ಕಾನೂನು ಕೇಳುವುದು ಬೇರೆ: ಕೆಲಸ ಯಾರದ್ದು? ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕುಲುಮೆ ಹೊತ್ತಿಸಿದ 1923ರಲ್ಲೇ ಬ್ರಿಟಿಷ್ ಇಂಡಿಯಾದಲ್ಲಿ ಬಂದ ಕಾರ್ಮಿಕರ ನಷ್ಟಪರಿಹಾರ ಕಾಯ್ದೆ ಈ ತಿರುವು ಕೊಟ್ಟಿತು. ಕೆಲಸದಿಂದ, ಕೆಲಸದ ವೇಳೆಯಲ್ಲಿ ಗಾಯವಾದರೆ ಮಾಲೀಕ ಹೊಣೆ. ಅವನ ತಪ್ಪನ್ನು ಸಾಬೀತು ಮಾಡಬೇಕಿಲ್ಲ. ‘ಅವನದೇ ಅಜಾಗರೂಕತೆ’ ಎಂಬ ಮಾತು ನಿಲ್ಲುವುದಿಲ್ಲ. ಕುಡಿದಿದ್ದ, ಬೇಕೆಂದೇ ಸುರಕ್ಷತಾ ನಿಯಮ ಮುರಿದ ಎಂಬ ವಾದಕ್ಕೆ ಅವಕಾಶವುಂಟು. ಆದರೆ ಸಾವಿಗೂ ಶಾಶ್ವತ ಪೂರ್ಣ ಅಂಗವಿಕಲತೆಗೂ ಅದು ಅನ್ವಯಿಸದು.

‘ಅವನು ಕಂಪನಿಯವನಲ್ಲ, ಕಾಂಟ್ರಾಕ್ಟ್ ಲೇಬರ್’ ಎನ್ನುವುದು ಭದ್ರಾವತಿಯಲ್ಲಿ ಪರ್ಮನೆಂಟ್ ನೌಕರರೂ ನಂಬಿರುವ ಮಾತು. 1923ರ ಕಾಯ್ದೆಯ 12ನೇ ಕಲಮು ಇದನ್ನು ಒಪ್ಪುತ್ತಿರಲಿಲ್ಲ. ತನ್ನ ವ್ಯಾಪಾರದ ಕೆಲಸವನ್ನು ತನ್ನ ಹಿಡಿತದ ಜಾಗದಲ್ಲಿ ಗುತ್ತಿಗೆಗೆ ಕೊಟ್ಟವನೇ ಮೊದಲು ತೆರಬೇಕು. ಆಮೇಲೆ ಬೇಕಾದರೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ. (ಸ್ವಂತ ಮನೆಗೆ ಬಣ್ಣ ಹೊಡೆಸುವವನಿಗೆ ಈ ನಿಯಮ ತಟ್ಟದು, ಅದು ಅವನ ವ್ಯಾಪಾರವಲ್ಲ.) ಆ ಕಾಯ್ದೆಯ ಬದಲಿಗೆ 2025ರ ನವೆಂಬರ್ 21ರಿಂದ ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಗುತ್ತಿಗೆಯ ಈ ನಿಯಮ ಉಳಿದಿದೆ. ಇಎಸ್‌ಐ ಇರುವ ಕಾರ್ಮಿಕನದು ಬೇರೆ ದಾರಿ. ಅವನಿಗೆ ನಿಗಮವೇ ಕೊಡುತ್ತದೆ.

ಲೆಕ್ಕ ಹಾಕಿ ನೋಡಿ. ಹುಣಸೋಡಿನ ಕಾಲಕ್ಕೆ ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ ತಿಂಗಳಿಗೆ 15,000. ಅಷ್ಟು ದುಡಿಯುತ್ತಿದ್ದ 30 ವರ್ಷದವನು ಸತ್ತರೆ ಅದರ ಅರ್ಧವನ್ನು ವಯಸ್ಸಿನ ಅಂಶ 207.98ರಿಂದ ಗುಣಿಸಬೇಕು: 15,59,850 ರೂಪಾಯಿ. 5 ಲಕ್ಷ ಅದರ ಮೂರನೇ ಒಂದು ಪಾಲೂ ಅಲ್ಲ, ಅದೂ ಮಾಲೀಕನ ಜೇಬಿನದ್ದಲ್ಲ. ಹಣ ಬಾಕಿ ಬೀಳುವುದು ಅಪಘಾತದ ದಿನವೇ ಎಂದು ಶ್ರೀನಿವಾಸ ಸಬತ ಎಂಬ ಬಡಗಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿ ಐವತ್ತು ವರ್ಷವಾಯಿತು. ಒಂದು ತಿಂಗಳು ಮೀರಿದರೆ 12% ಬಡ್ಡಿ, ಸಕಾರಣವಿಲ್ಲದೆ ತಡಮಾಡಿದರೆ ಅರ್ಧದಷ್ಟರವರೆಗೆ ದಂಡ.

ಹುಣಸೋಡಿನಲ್ಲಿ ಸತ್ತವರು ಯಾರ ಆಳುಗಳು ಎಂಬುದನ್ನು ನಾನು ತೀರ್ಮಾನಿಸಲಾರೆ. ಆ ಪ್ರಶ್ನೆಯನ್ನು ಊರು ಕೇಳಲೇ ಇಲ್ಲ ಎಂಬುದು ನನ್ನ ದೂರು. ಕಷ್ಟ ಇರುವುದೂ ಅಲ್ಲಿಯೇ. ಹಾಜರಿ ಪುಸ್ತಕ ಮೇಸ್ತ್ರಿಯ ಬಳಿ, ಕೂಲಿ ಕೈಗೆ ನಗದು. ಆಳು ಸತ್ತ ಮರುದಿನ ಅವನು ಅಲ್ಲಿ ಕೆಲಸಕ್ಕಿದ್ದನೆಂಬ ಕಾಗದವೇ ಇರುವುದಿಲ್ಲ.

ಆದ್ದರಿಂದ ಗೇಟ್ ಪಾಸಿನದೊಂದು ಫೋಟೊ ಮನೆಯವರ ಮೊಬೈಲಿನಲ್ಲಿರಲಿ. ‘ಇನ್ನೇನೂ ಕೇಳುವುದಿಲ್ಲ’ ಎಂದು ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರೂ ಹೆದರಬೇಡಿ, ಹಕ್ಕು ಬಿಟ್ಟುಕೊಡುವ ಕರಾರು ಕಾನೂನಿನಲ್ಲಿ ಅಸಿಂಧು. ಅರ್ಜಿಗೆ ಎರಡು ವರ್ಷ ಸಮಯವಿದೆ.