ಕಿಡ್ನಿ ಸೋತ ಮಕ್ಕಳ ಹೃದಯ: ಯಾವ ಅಳತೆ ಮುಖ್ಯ?

ಕಿಡ್ನಿ ಕಾಯಿಲೆ ಕೊನೆಯ ಹಂತಕ್ಕೆ ಬಂದ ಮಕ್ಕಳ ಸಾವಿಗೆ ಹೃದಯ ಮತ್ತು ರಕ್ತನಾಳಗಳ ತೊಂದರೆಯೇ ಪ್ರಮುಖ ಕಾರಣ. ಇದು ಮನೆಯವರಿಗೆ ಬೇಗ ಅರ್ಥವಾಗುವ ಮಾತಲ್ಲ. ಹುಟ್ಟಿನಿಂದಲೇ ಮೂತ್ರಮಾರ್ಗದಲ್ಲಿ ತಡೆಯಿದ್ದ ಹುಡುಗನಿಗೆ ಹನ್ನೆರಡನೇ ವಯಸ್ಸಿನಲ್ಲಿ ಎಕೋ ಏಕೆ, ಎದೆನೋವೇ ಇಲ್ಲವಲ್ಲ ಎಂದು ತಾಯಿ ಕೇಳುತ್ತಾಳೆ. ಕಾಪು, ಕಾರ್ಕಳದ ಕಡೆ ಮಗುವಿಗೆ ದೊಡ್ಡ ಕಾಯಿಲೆ ಎಂದರೆ ಮಣಿಪಾಲವೇ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅಲ್ಲಿ ವೈದ್ಯಕೀಯ ಕಾಲೇಜು ಸ್ಥಾಪಿಸಿದಂದಿನಿಂದ ಬೆಳೆದುಬಂದ ನಂಬಿಕೆ ಅದು.

ಇಂಥ ಮಕ್ಕಳ ಹೃದಯಕ್ಕಿರುವ ಅಪಾಯವನ್ನು ಮೊದಲೇ ಗುರುತಿಸಲು ಅಳತೆಗಳು ಹಲವಿವೆ. ಕೊಲೆಸ್ಟರಾಲ್, ಹೋಮೋಸಿಸ್ಟೀನ್, ರಂಜಕ, ಕುತ್ತಿಗೆಯ ರಕ್ತನಾಳದ ಗೋಡೆಯ ದಪ್ಪ, ನಾಡಿಯ ಅಲೆಯ ವೇಗ, ಎಕೋದಲ್ಲಿ ಕಾಣುವ ಎಡ ಹೃತ್ಕುಕ್ಷಿಯ ತೂಕ, ಬಿಪಿ. ಸಂಶೋಧನೆಗೆ ಎಲ್ಲವೂ ಬೇಕು. ಚಿಕಿತ್ಸೆಯ ಕೋಣೆಯಲ್ಲಿ ಮಾತ್ರ ಕೇಳಬೇಕಾದ ಪ್ರಶ್ನೆ ಒಂದೇ: ವರದಿ ಕೈಗೆ ಬಂದ ಮೇಲೆ ಈ ಮಗುವಿನ ಔಷಧಿಯಲ್ಲೋ ಊಟದಲ್ಲೋ ಏನಾದರೂ ಬದಲಾಗುತ್ತದೆಯೇ?

ಹೋಮೋಸಿಸ್ಟೀನ್ ಈ ಪ್ರಶ್ನೆಗೆ ನಿಲ್ಲುವುದಿಲ್ಲ. ಕಿಡ್ನಿ ಕಾಯಿಲೆಯಿದ್ದ ಎರಡು ಸಾವಿರಕ್ಕೂ ಹೆಚ್ಚು ಅಮೆರಿಕನ್ ವಯಸ್ಕರಿಗೆ ಫೋಲಿಕ್ ಆ್ಯಸಿಡ್ ಮತ್ತು ಬಿ ವಿಟಮಿನ್‌ಗಳನ್ನು ಕೊಟ್ಟು ನೋಡಿದ ಅಧ್ಯಯನದ ಫಲಿತಾಂಶ 2007ರಲ್ಲಿ ಬಂತು. ರಕ್ತದಲ್ಲಿ ಹೋಮೋಸಿಸ್ಟೀನ್ ಮಟ್ಟ ಇಳಿಯಿತು, ಸಾವು ಇಳಿಯಲಿಲ್ಲ. ಕೊಲೆಸ್ಟರಾಲ್ ವಿಷಯದಲ್ಲೂ, ಹದಿನೆಂಟು ತುಂಬದ ಕಿಡ್ನಿ ರೋಗಿಗಳಿಗೆ ಸ್ಟ್ಯಾಟಿನ್ ಶುರುಮಾಡದಿರುವುದು ಒಳ್ಳೆಯದೆಂದೇ 2013ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳಿತು. ಕುತ್ತಿಗೆಯ ರಕ್ತನಾಳದ ಅಳತೆಯ ತೊಡಕು ಬೇರೆ ರೀತಿಯದು. ಕಿಡ್ನಿ ಸೋತ ಮಗು ಹೆಚ್ಚಾಗಿ ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆಯುವುದಿಲ್ಲ. ಹನ್ನೆರಡು ವರ್ಷದವನು ಎಂಟರ ಹುಡುಗನ ಹಾಗಿರಬಹುದು. ಅವನನ್ನು ವಯಸ್ಸಿಗೆ ಹೋಲಿಸಬೇಕೋ ಎತ್ತರಕ್ಕೋ? ಹೋಲಿಕೆಗೆ ಹೆಚ್ಚಾಗಿ ಬಳಸುವ ಕೋಷ್ಟಕಗಳು ಯುರೋಪಿನ ಮಕ್ಕಳವು. ಕರಾವಳಿಯ ಸಣಕಲು ಹುಡುಗನನ್ನು ಅವುಗಳಲ್ಲಿ ಕೂರಿಸಿ ತೀರ್ಪು ಕೊಡಲು ನನಗೆ ಧೈರ್ಯ ಸಾಲದು.

ರಂಜಕದ ಮಾತು ಹಾಗಲ್ಲ. ಬಾಲ್ಯದಿಂದಲೇ ಡಯಾಲಿಸಿಸ್ ಕಂಡವರ ಹೃದಯದ ರಕ್ತನಾಳಗಳನ್ನು ಸ್ಕ್ಯಾನ್ ಮಾಡಿದ ಒಂದು ವರದಿ 2000ರಲ್ಲಿ ಪ್ರಕಟವಾಯಿತು. ಇಪ್ಪತ್ತರಿಂದ ಮೂವತ್ತರ ವಯಸ್ಸಿನ 16 ಮಂದಿಯಲ್ಲಿ 14 ಜನರ ರಕ್ತನಾಳದಲ್ಲಿ ಸುಣ್ಣ ಕಟ್ಟಿತ್ತು. ಇಪ್ಪತ್ತು ದಾಟದ 23 ಮಂದಿಯಲ್ಲಿ ಒಬ್ಬರಿಗೂ ಇರಲಿಲ್ಲ. ರಂಜಕವನ್ನು ಹಿಡಿದಿಡಲು ಕೊಟ್ಟ ಕ್ಯಾಲ್ಸಿಯಂ ಮಾತ್ರೆಯನ್ನು, ಸುಣ್ಣ ಕಟ್ಟಿದವರು ಉಳಿದವರ ಸುಮಾರು ಎರಡು ಪಟ್ಟು ನುಂಗಿದ್ದರು. ಈ ಅಳತೆ ನೋಡಿ ವೈದ್ಯರು ಮಾತ್ರೆ ಬದಲಿಸಬಹುದು, ಮನೆಯವರು ರಂಜಕ ಸೇರಿಸಿದ ಪ್ಯಾಕೆಟ್ ತಿಂಡಿ, ಕೋಲಾ ನಿಲ್ಲಿಸಬಹುದು.

ಎಲ್ಲಕ್ಕಿಂತ ಮೇಲೆ ನಾನು ಇಡುವುದು ಬಿಪಿಯನ್ನು. 2009ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ ಕಿಡ್ನಿ ಕಾಯಿಲೆಯ 385 ಮಕ್ಕಳೂ ರಾಮಿಪ್ರಿಲ್ ತೆಗೆದುಕೊಳ್ಳುತ್ತಿದ್ದರು. ಅರ್ಧದಷ್ಟು ಮಕ್ಕಳ ಬಿಪಿಯನ್ನು ಇನ್ನಷ್ಟು ಕೆಳಗೆ ಹಿಡಿದಿಟ್ಟರು. ಐದು ವರ್ಷದೊಳಗೆ ಕಿಡ್ನಿಯ ಶಕ್ತಿ ಅರ್ಧಕ್ಕೆ ಇಳಿದವರು ಅಥವಾ ಕಿಡ್ನಿ ಪೂರ್ತಿ ಸೋತವರು ಈ ಗುಂಪಿನಲ್ಲಿ ಶೇ. 29.9, ಇನ್ನೊಂದರಲ್ಲಿ ಶೇ. 41.7. ಅದೇ ಅಧ್ಯಯನದ ಮಕ್ಕಳಲ್ಲಿ ದಪ್ಪವಾಗಿದ್ದ ಹೃದಯದ ಸ್ನಾಯುವೂ ಇಳಿಮುಖವಾದದ್ದು ಕಂಡಿತು. ಬೇರೆ ಯಾವ ಅಳತೆಗೂ ಇಷ್ಟು ಗಟ್ಟಿಯಾದ ಆಧಾರವಿಲ್ಲ.

ಆದರೆ ಬಿಪಿಯನ್ನು ಸರಿಯಾಗಿ ನೋಡಬೇಕಲ್ಲ! ತೋಳಿಗೆ ಸುತ್ತುವ ಪಟ್ಟಿಯೊಳಗಿನ ಚೀಲದ ಅಗಲ ತೋಳಿನ ಸುತ್ತಳತೆಯ ಶೇ. 40ರಷ್ಟಿರಬೇಕು. ದೊಡ್ಡವರ ಪಟ್ಟಿಯನ್ನು ಎಳೆಯ ತೋಳಿಗೆ ಸುತ್ತಿದರೆ ಬಿಪಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಕಾಯಿಲೆಯಿದ್ದ ಮಗು ‘ನಾರ್ಮಲ್’ ಎಂದು ಮನೆಗೆ ಹೋಗುತ್ತದೆ. ಪಟ್ಟಿ ಸರಿಯಿದ್ದರೂ ಆಸ್ಪತ್ರೆಯಲ್ಲಿ ಒಮ್ಮೆ ನೋಡಿದರೆ ಸಾಲದು. ಕಿಡ್ನಿ ಕಾಯಿಲೆಯಿದ್ದ ಉತ್ತರ ಅಮೆರಿಕದ ಮಕ್ಕಳ ಅಧ್ಯಯನವೊಂದರ 2010ರ ವರದಿಯಂತೆ, ಶೇ. 38 ಮಕ್ಕಳಲ್ಲಿ ವೈದ್ಯರೆದುರು ಬಿಪಿ ಸರಿಯಿತ್ತು, 24 ಗಂಟೆ ಯಂತ್ರ ಕಟ್ಟಿ ನೋಡಿದಾಗ ಸರಿಯಿರಲಿಲ್ಲ. ಆ ಯಂತ್ರ ಮತ್ತು ಎಕೋ ಮಣಿಪಾಲದ ಕೆಲಸ. ಮಧ್ಯದ ತಿಂಗಳುಗಳ ಬಿಪಿ ಕಾಪು, ಕಾರ್ಕಳದಲ್ಲೇ ಆಗಬೇಕು. ಕಾರ್ಕಳದಿಂದ ಸುಮಾರು 35 ಕಿಲೋಮೀಟರು ಬಸ್ಸಿನಲ್ಲಿ ಬಂದು, ಒಂದು ದಿನದ ಕೂಲಿ ಕಳೆದುಕೊಂಡು, ಬಿಪಿಯಷ್ಟೇ ನೋಡಿಸಿ ಹೋಗೆಂದು ಯಾರಿಗೂ ಹೇಳಲಾಗದು.

ನಮ್ಮ ಊಟದ ಸಂಗತಿಯೂ ಇದೆ. ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿ, ಮಳೆಗಾಲಕ್ಕೆ ಒಣಮೀನು, ಉಪ್ಪುಸೊಳೆ. ಈ ಮಕ್ಕಳ ಬಿಪಿ ಏರಿಸುವ ಉಪ್ಪು ಬರುವುದು ಇಲ್ಲಿಂದಲೇ. ಗಂಜಿ ಬಿಡಿಸಬೇಕಿಲ್ಲ, ಪಕ್ಕದ್ದನ್ನು ಬದಲಿಸಿದರೆ ಸಾಕು. ಅದನ್ನು ಊರಿನ ಆಶಾ ಕಾರ್ಯಕರ್ತೆ ಹೇಳಿದಷ್ಟು ಚೆನ್ನಾಗಿ ಅಚ್ಚು ಹಾಕಿದ ಡಯಟ್ ಚೀಟಿ ಹೇಳಲಾರದು.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೇಗೂ ಹೋಗುತ್ತವೆ. ಕಿಡ್ನಿ ಕಾಯಿಲೆ ಗೊತ್ತಾಗಿರುವ ಮಕ್ಕಳ ಬಿಪಿಯನ್ನು ಅವರೋ ಹತ್ತಿರದ ಆರೋಗ್ಯ ಕೇಂದ್ರದವರೋ ತಿಂಗಳಿಗೊಮ್ಮೆ ನೋಡಿ ಒಂದು ಪುಸ್ತಕದಲ್ಲಿ ಬರೆದುಕೊಡಲಿ. ತಂದೆತಾಯಂದಿರೇ, ಮುಂದಿನ ಸಲ ಮಗುವಿನ ಬಿಪಿ ನೋಡುವಾಗ ಪಟ್ಟಿ ಮಕ್ಕಳ ಅಳತೆಯದೇ ಎಂದು ದಯವಿಟ್ಟು ಕೇಳಿ.